ಕೊಂಕಣ ಸುತ್ತಿ ಕಾರ್ಮಾರ್ಥೆನ್‌ಗೆ

ವೇಲ್ಸ್‌ನ ಅಬರಿಸ್ಟ್‌ವಿತ್‌ನಿಂದ ಕಾರ್ಮಾರ್ಥೆನ್‌ಗೆ ರೈಲಲ್ಲೇ ಹೋಗಬೇಕಾ? ಹಾಗಾದರೆ ಮೊದಲು ಇಂಗ್ಲೆಂಡ್ ನೋಡಿಕೊಂಡು ಬನ್ನಿ. ಪೂರ್ವಕ್ಕೆ ಶ್ರೂಸ್‌ಬರಿ, ಅಲ್ಲಿ ಗಾಡಿ ಬದಲಿಸಿ ದಕ್ಷಿಣಕ್ಕೆ, ಆಮೇಲೆ ಮತ್ತೆ ಪಶ್ಚಿಮಕ್ಕೆ. ಎರಡೂ ಊರು ಇರೋದು ವೇಲ್ಸ್‌ನಲ್ಲೇ. ನಡುವೆ 56 ಮೈಲಿ ನೇರ ಹಳಿಯೂ ಇತ್ತು. 1965ರಲ್ಲಿ ಮುಚ್ಚಿದರು. ಮತ್ತೆ ಹಾಕೋಕೆ 77.5 ಕೋಟಿ ಪೌಂಡ್ ಬೇಕು ಅಂತ 2018ರ ವರದಿ ಹೇಳಿತು.

ಆ ದಾರಿಯಲ್ಲಿ ಸ್ಟ್ರಾಟಾ ಫ್ಲೋರಿಡಾ ಅಂತ ಒಂದು ಸ್ಟೇಷನ್. ಹೆಸರು ಕೇಳಿದರೆ 1164ರ ಹಳೇ ಮಠದ ಬಾಗಿಲಲ್ಲೇ ಇಳಿಸ್ತಾರೆ ಅನ್ನಿಸುತ್ತೆ. ಇಳಿದರೆ ಅಸ್ಟ್ರಾಡ್ ಮೈರಿಗ್ ಹಳ್ಳಿ. ಮಠಕ್ಕೆ ಇನ್ನೂ ಮೈಲಿಗಟ್ಟಲೆ ನಡೀಬೇಕು. ಸ್ಟೇಷನ್ನನ್ನು ಬೈದು ಏನು ಫಲ? ಯಜಮಾನರೇ ಹಾಗೆ. ಕಂಪನಿ ಹೆಸರು 'ಮ್ಯಾಂಚೆಸ್ಟರ್ ಅಂಡ್ ಮಿಲ್ಫರ್ಡ್ ರೈಲ್ವೆ'. ಅದು ಮ್ಯಾಂಚೆಸ್ಟರನ್ನೂ ಮುಟ್ಟಲಿಲ್ಲ, ಮಿಲ್ಫರ್ಡನ್ನೂ ಮುಟ್ಟಲಿಲ್ಲ. ಹೆಸರು ಕ್ಷೀರಸಾಗರ ಭಟ್ಟ, ಮನೇಲಿ ಮಜ್ಜಿಗೆಗೂ ಗತಿಯಿಲ್ಲ. ಬೆಟ್ಟದಾಚೆ ಥ್ಲಾನ್‌ಗಿರಿಗ್ (ನಾಲಿಗೆ ಜೋಪಾನ) ಅನ್ನೋ ಊರಿಗೂ ಹಳಿ ಹಾಕಿದರು. ಪ್ರಯಾಣಿಕರ ಗಾಡಿ ಒಂದು ದಿನವೂ ಓಡಲಿಲ್ಲ. ಕೊನೆಗೆ ಕಿತ್ತುಕೊಂಡು ಹೋದರು.

ಆದರೂ ಆ ಹುಚ್ಚು ನನಗೆ ಇಷ್ಟ. ಟ್ರೆಗರಾನ್ ಹತ್ತಿರ ದೊಡ್ಡ ಜೌಗು. ಏನು ಸುರಿದರೂ ನುಂಗುತ್ತಿತ್ತು. ಕೊನೆಗೆ ಕುರಿ ಉಣ್ಣೆಯ ಮೂಟೆಗಳನ್ನು ಕೆಸರಿಗೆ ಹಾಸಿ, ಮೇಲೆ ಹಳಿ ಕೂರಿಸಿದರಂತೆ. ಉಣ್ಣೆ ಹಾಸಿಗೆ ಮೇಲೆ ರೈಲು! ಸುಮಾರು ನೂರು ವರ್ಷ ಅದು ಮುಳುಗಲೂ ಇಲ್ಲ.

ಮುಳುಗಿಸಿದವರು ಬುದ್ಧಿವಂತರು. ಬ್ರಿಟಿಷ್ ರೈಲ್ವೆ ಮುಖ್ಯಸ್ಥ ಬೀಚಿಂಗ್ ಸಾಹೇಬರಿಗೆ ವರ್ಷಕ್ಕೆ 24,000 ಪೌಂಡ್ ಸಂಬಳ, ಪ್ರಧಾನಿಗಿಂತ ಜಾಸ್ತಿ. 1963ರಲ್ಲಿ ಅವರು 2,363 ಸ್ಟೇಷನ್ ದಂಡ, ಮುಚ್ಚಿ ಅಂದರು. ಅವರನ್ನು ತಂದು ಕೂರಿಸಿದ ಸಾರಿಗೆ ಮಂತ್ರಿ ಮಾರ್ಪಲ್ಸ್. ಮಂತ್ರಿಯಾದಾಗ ಅವರ ಕೈಯಲ್ಲಿದ್ದದ್ದು ರಸ್ತೆ ಕಟ್ಟೋ ಕಂಪನಿಯ ಷೇರು. ಪಾಪ, ಹಳಿ ಎಲ್ಲಿ ಕಣ್ಣಿಗೆ ಬೀಳಬೇಕು?

1964ರ ಚುನಾವಣೆಯಲ್ಲಿ ಲೇಬರ್ ಪಕ್ಷ ಮುಚ್ಚೋದು ನಿಲ್ಲಿಸ್ತೀವಿ ಅಂತು. ಗೆದ್ದಿತು. ಅದೇ ಡಿಸೆಂಬರಲ್ಲಿ ಪ್ರವಾಹ ಬಂದು ಅಬರಿಸ್ಟ್‌ವಿತ್ ಕಡೆ ಹಳಿ ಕೆಟ್ಟಿತು. ರಿಪೇರಿ ಮಾಡಲಿಲ್ಲ. ಎರಡೇ ತಿಂಗಳಿಗೆ ಉಳಿದದ್ದಕ್ಕೂ ಬೀಗ. ಓಟು ಕೇಳೋವಾಗ ಒಂದು ನಾಲಿಗೆ, ಗೆದ್ದಮೇಲೆ ಇನ್ನೊಂದು. ಯಾವ ದೇಶದ್ದೇ ಆಗಲಿ, ಇದನ್ನು ಓದಿ ಓದಿ ಸಾಕಾಗಿದೆ.

ದಕ್ಷಿಣದ ಕಡೆ ಹಾಲಿನ ಗಾಡಿ ಮಾತ್ರ 1973ರವರೆಗೂ ಓಡಿತು. ಅಷ್ಟರ ಮಟ್ಟಿಗೆ ಭಟ್ಟರ ಹೆಸರು ಉಳೀತು ಬಿಡಿ.