ಕಾವೇರಿಯನ್ನು ಬರೆದವರ ಹೆಸರು ಹೇಳಿ

ಪುಟ್ಟಣ್ಣ ಕಣಗಾಲರ ಸಿನಿಮಾಗಳ ಬಗ್ಗೆ ನಿನ್ನೆ ಒಂದು ಭಾಷಣ ಕೇಳಿ ಬಂದೆ. ತಲೆ ಇನ್ನೂ ಬಿಸಿಯಾಗಿದೆ. ಒಂದು ಗಂಟೆಗೂ ಜಾಸ್ತಿ ಮಾತಾಡಿದರು. ಬೆಳ್ಳಿಮೋಡ ಬಂತು, ಗೆಜ್ಜೆಪೂಜೆ ಬಂತು, ಶರಪಂಜರ ಬಂತು, ನಟಿ ಕಲ್ಪನಾ ಉಡುತ್ತಿದ್ದ ಸೀರೆಗಳೂ ಬಂದವು. ಈ ಕಥೆಗಳನ್ನು ಕಾದಂಬರಿಯಾಗಿ ಬರೆದ ತ್ರಿವೇಣಿ ಹೆಸರು ಬರಲಿಲ್ಲ. ಎಂ.ಕೆ. ಇಂದಿರಾ ಹೆಸರೂ ಬರಲಿಲ್ಲ. ಹೆಣ್ಣಿನ ಮನಸ್ಸು ಪುಟ್ಟಣ್ಣನವರಿಗೆ ಅರ್ಥವಾದಷ್ಟು ಇನ್ಯಾರಿಗೂ ಆಗಲಿಲ್ಲ ಅಂತ ಹೇಳಿ ಮುಗಿಸಿದರು, ಸಭೆ ಚಪ್ಪಾಳೆ ತಟ್ಟಿತು.

ಪುಟ್ಟಣ್ಣ ದೊಡ್ಡ ನಿರ್ದೇಶಕ. ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಮನಸ್ಸನ್ನು ಮೊದಲು ಕಾಗದದ ಮೇಲೆ ಇಳಿಸಿದವರು ಯಾರು? ಶರಪಂಜರದ ಕಾವೇರಿ, ಬೆಳ್ಳಿಮೋಡದ ಇಂದಿರಾ, ಇಬ್ಬರೂ ತ್ರಿವೇಣಿ ಅವರ ಮಕ್ಕಳು. ಗೆಜ್ಜೆಪೂಜೆಯ ಚಂದ್ರಾ ಎಂ.ಕೆ. ಇಂದಿರಾ ಅವರದು. ಶುಭಮಂಗಳದ ಕಥೆ ವಾಣಿ ಅವರದು. ಎರಡು ಕನಸು, ಹೊಸಬೆಳಕು ಅಂತ ರಾಜ್‌ಕುಮಾರ್ ಸಿನಿಮಾ ನೋಡಿ ಕಣ್ಣೀರು ಹಾಕಿದವರು ಎಷ್ಟು ಜನ! ಅವೂ ವಾಣಿ ಕಾದಂಬರಿಗಳೇ. ಇದನ್ನು ಹೇಳೋಕೆ ಎಷ್ಟು ಹೊತ್ತು ಬೇಕು? ಅರ್ಧ ನಿಮಿಷ ಸಾಕಲ್ವಾ?

ಹೊರಗೆ ಕಾಫಿ ಕುಡಿಯುವಾಗ ಇದನ್ನೇ ಕೇಳಿದೆ. ಪಕ್ಕದಲ್ಲಿದ್ದವರೊಬ್ಬರು, "ಅಯ್ಯೋ ಬಿಡಿ ಮೇಡಂ, ಹೆಂಗಸರು ಮಧ್ಯಾಹ್ನ ಓದೋ ಕಾದಂಬರಿ ಅವು, ಪುಟ್ಟಣ್ಣ ಕೈ ಇಟ್ಟಿದ್ದಕ್ಕೆ ಚಿನ್ನ ಆಯ್ತು" ಅಂದರು. ಓದಿದ್ದೀರಾ ಅಂತ ಕೇಳಿದೆ. ಇಲ್ಲವಂತೆ.

ನಾನು ಓದಿದ್ದೇನೆ. ನಮ್ಮ ದೊಡ್ಡಮ್ಮ ವಾರಪತ್ರಿಕೆಯ ಧಾರಾವಾಹಿ ಹಾಳೆಗಳನ್ನು ಬಿಡಿಸಿ, ಜೋಡಿಸಿ, ದಬ್ಬಣದಲ್ಲಿ ಟ್ವೈನ್ ದಾರ ಪೋಣಿಸಿ ಹೊಲಿದಿಡುತ್ತಿದ್ದರು. ಹಳೇ ಕ್ಯಾಲೆಂಡರೇ ರಟ್ಟು. ಅಂಥ ಪುಸ್ತಕಗಳ ಸಾಲಿನಲ್ಲೇ ಶರಪಂಜರದ ಪ್ರತಿಯೂ ಇತ್ತು, ಅದನ್ನು ಮಾತ್ರ ಯಾರಿಗೂ ಎರವಲು ಕೊಡುತ್ತಿರಲಿಲ್ಲ. ಕಾರಣ ನನಗೆ ತಿಳಿದದ್ದು ತುಂಬ ತಡವಾಗಿ. ದೊಡ್ಡಮ್ಮನಿಗೆ ಎರಡನೇ ಹೆರಿಗೆಯ ಮೇಲೆ ಬಾಣಂತಿ ಸನ್ನಿ ಆಗಿತ್ತು. ಔಷಧಿ ಕೊಡಿಸಿದರು, ವಾಸಿಯಾಯಿತು. ಆದರೆ ಆಮೇಲೂ ವರ್ಷಗಟ್ಟಲೆ ಅಕ್ಕಪಕ್ಕದವರು ಅವರ ಕೈಗೆ ಮಗು ಕೊಡಲಿಲ್ಲ. ಜೋರಾಗಿ ನಕ್ಕರೂ ಮನೆಯವರು ಮುಖ ಮುಖ ನೋಡಿಕೊಳ್ಳುತ್ತಿದ್ದರು.

ಕಾವೇರಿಯ ಕಥೆಯೂ ಅದೇ ತಾನೇ. ಕಾಯಿಲೆ ವಾಸಿಯಾಗಿ ಮನೆಗೆ ಬಂದವಳನ್ನು ಮನೆಯವರೇ ಮತ್ತೆ ಹುಚ್ಚಿಗೆ ತಳ್ಳುತ್ತಾರೆ. ತ್ರಿವೇಣಿ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರ ಓದಿದವರು. ಮನಸ್ಸಿನ ಕಾಯಿಲೆ ಬಗ್ಗೆ ಮನೆಯಲ್ಲಿ ಬಾಯಿ ಬಿಡದ ಕಾಲದಲ್ಲಿ ಇದನ್ನು ಬರೆದರು, ನಮ್ಮ ದೊಡ್ಡಮ್ಮನಂಥವರಿಗೆ ಅರ್ಥವಾಗುವ ಕನ್ನಡದಲ್ಲಿ ಬರೆದರು. ಸುಮ್ನೆ ಹೊತ್ತು ಕಳೆಯೋಕೆ ಓದುವ ಪುಸ್ತಕವನ್ನು ಹಾಗೆ ಯಾರೂ ಬಚ್ಚಿಟ್ಟುಕೊಳ್ಳುವುದಿಲ್ಲ.

ಸಿನಿಮಾ ನಿರ್ದೇಶಕನ ಮಾಧ್ಯಮ, ಕಥೆಗಾರರ ಹೆಸರು ಟೈಟಲ್ ಕಾರ್ಡಿನಲ್ಲಿ ಇದ್ದೇ ಇದೆ ಅನ್ನುತ್ತೀರಿ. ಸರಿ. ಹಾಗಾದರೆ ನಾಗರಹಾವು ಅಂದ ಕೂಡಲೇ ಕಾದಂಬರಿಕಾರ ತರಾಸು ಹೆಸರು ಹೇಗೆ ಬರುತ್ತೆ? ಅದೂ ಪುಟ್ಟಣ್ಣನ ಸಿನಿಮಾವೇ. ತರಾಸು ಸಿನಿಮಾ ನೋಡಿ ಇದು ಕೇರೆಹಾವು ಅಂದರಂತೆ ಅನ್ನೋ ಕಥೆಯನ್ನು ನಿನ್ನೆಯೂ ಹೇಳಿದರು. ಸಂಸ್ಕಾರ ಅಂದರೆ ಅನಂತಮೂರ್ತಿ, ವಂಶವೃಕ್ಷ ಅಂದರೆ ಭೈರಪ್ಪ. ಇವರ ಹೆಸರು ಬಿಟ್ಟು ಆ ಸಿನಿಮಾಗಳ ಬಗ್ಗೆ ಯಾರೂ ಮಾತಾಡಲ್ಲ, ಮಾತಾಡಲೂಬಾರದು. ಬರೆದವರು ಹೆಂಗಸರಾದಾಗ ಮಾತ್ರ ಮಾಧ್ಯಮದ ಮಾತು ನೆನಪಾಗುತ್ತೆ.

ತ್ರಿವೇಣಿ ಅವರಿಗಂತೂ ಸಿನಿಮಾ ಚೆನ್ನಾಗಿದೆ, ಚೆನ್ನಾಗಿಲ್ಲ ಅನ್ನುವ ಅವಕಾಶವೇ ಸಿಗಲಿಲ್ಲ. ಬೆಳ್ಳಿಮೋಡ ತೆರೆಗೆ ಬರುವ ಮೊದಲೇ, 1963ರಲ್ಲಿ ಹೋಗಿಬಿಟ್ಟರು. ಇನ್ನೂ 34 ವರ್ಷ. ಹೆರಿಗೆಯಾಗಿ ಕೆಲವೇ ದಿನ ಆಗಿತ್ತು. ಇದನ್ನು ಬರೆಯುವಾಗ ಈಗಲೂ ನನಗೆ ಗಂಟಲು ಕಟ್ಟುತ್ತೆ. ಅಷ್ಟು ಚಿಕ್ಕ ಆಯಸ್ಸಿನಲ್ಲಿ ಇಪ್ಪತ್ತರ ಹತ್ತಿರ ಕಾದಂಬರಿ ಬರೆದಿದ್ದರು. ಎಂ.ಕೆ. ಇಂದಿರಾ ಅವರದು ಇನ್ನೊಂದು ಬಗೆ. ಮೊದಲ ಕಾದಂಬರಿ ತುಂಗಭದ್ರಾ ಬಂದಾಗ ಅವರಿಗೆ 45 ದಾಟಿತ್ತು. ಅಲ್ಲಿಂದ ಶುರು ಮಾಡಿ ಗೆಜ್ಜೆಪೂಜೆ, ಫಣಿಯಮ್ಮ ಬರೆದರು. ವೇಶ್ಯೆಯರ ಮನೆಯಲ್ಲಿ ಬೆಳೆದರೂ ಓದಿ, ಮದುವೆಯಾಗಿ ಎಲ್ಲರ ಹಾಗೆ ಬಾಳಬೇಕು ಅಂತ ಆಸೆಪಟ್ಟ ಚಂದ್ರಾಳ ಸಂಕಟ ಗೊತ್ತಿದ್ದದ್ದು ಅವರಿಗೆ.

ಫಿಲಂ ಸೊಸೈಟಿ ನಡೆಸುವ ಗೆಳೆಯರು ಇಲ್ಲಿ ಸುಮಾರು ಜನ ಇದ್ದೀರಿ. ಮುಂದಿನ ಸಲ ಈ ಸಿನಿಮಾಗಳನ್ನು ಹಾಕಿದರೆ ಪೋಸ್ಟರಿನಲ್ಲಿ ನಿರ್ದೇಶಕರ ಹೆಸರಿನಷ್ಟೇ ದೊಡ್ಡದಾಗಿ ಕಾದಂಬರಿಕಾರ್ತಿಯ ಹೆಸರೂ ಇರಲಿ. ಮಾತಾಡೋಕೆ ಬರುವವರಿಗೆ ಕಾದಂಬರಿ ಓದಿಕೊಂಡು ಬನ್ನಿ ಅಂತ ಮೊದಲೇ ಹೇಳಿ. ಪುಸ್ತಕ ಸಿಗದಿದ್ದರೆ ನನ್ನನ್ನು ಕೇಳಿ, ಶರಪಂಜರ, ಗೆಜ್ಜೆಪೂಜೆ ಎರಡೂ ನನ್ನ ಹತ್ತಿರ ಇವೆ. ವಾಣಿ ಅವರ ಶುಭಮಂಗಳ ಯಾರ ಮನೆಯಲ್ಲಾದರೂ ಇದ್ದರೆ ಕಾಮೆಂಟಿನಲ್ಲಿ ತಿಳಿಸಿ, ಜೆರಾಕ್ಸ್ ಮಾಡಿಸಿಕೊಂಡು ವಾಪಸ್ ಕೊಡುತ್ತೇನೆ.