ಹಳಿಯನ್ನು ಕೊಲ್ಲದೇ ಸಾಯಿಸುವ ಬಗೆ

ಹಳಿ ಕಿತ್ತು ಗುಜರಿಗೆ ಹಾಕುವುದು ಒರಟರ ಕೆಲಸ. ಕೊಂದ ಅಪವಾದ ಬರುತ್ತದೆ, ಊರವರು ಬಾವುಟ ಹಿಡಿದು ಕೂರುತ್ತಾರೆ. ತಿಳಿದ ಸರ್ಕಾರ ಹಳಿಯ ಗೊಡವೆಗೇ ಹೋಗುವುದಿಲ್ಲ. ವರ್ಷಕ್ಕೊಮ್ಮೆ ಬಂದು ನಾಡಿ ಹಿಡಿದು, ‘ಜೀವ ಇದೆ, ಇನ್ನೊಂದು ವರದಿ ತರಿಸೋಣ’ ಎಂದು ಎದ್ದುಹೋಗುತ್ತದೆ. ಈ ವಿದ್ಯೆ ಕಲಿಯಬೇಕಿದ್ದರೆ ಜರ್ಮನಿಯ ಹುನ್ಸ್‌ರುಕ್ ಗುಡ್ಡಸೀಮೆಗೆ ಹೋಗಬೇಕು.

ಲಾಂಗೆನ್‌ಲೋನ್ಸ್‌ಹೈಮ್‌ನಿಂದ ಸಿಮ್ಮರ್ನ್‌ಗೆ 1889ರಲ್ಲೇ ರೈಲು ಬಂತು. ಆಮೇಲೆ ಹಳಿ ಹೆರ್ಮೆಸ್‌ಕೈಲ್‌ವರೆಗೆ ಬೆಳೆಯಿತು. ಎರಡನೇ ಮಹಾಯುದ್ಧ ಮುಗಿದ ಮೇಲೆ ಅದೇ ಗುಡ್ಡದ ನೆತ್ತಿಯಲ್ಲಿ ಹಾನ್ ವಾಯುನೆಲೆ ಎದ್ದಿತು. ಕಟ್ಟಲು ಶುರುಮಾಡಿದವರು ಫ್ರೆಂಚರು, ಬಂದು ಕೂತವರು ಅಮೆರಿಕನ್ನರು. ಮೋರ್‌ಬಾಖ್ ಬಳಿ ಅವರದೇ ದೊಡ್ಡ ಮದ್ದುಗುಂಡಿನ ಉಗ್ರಾಣ. ನಡುವೆ ಈ ಒಂಟಿ ಹಳಿ.

ವಿಮಾನ ಹಾರಿಸುವವರಿಗೆ ರೈಲೇಕೆ ಎನ್ನಬೇಡಿ. ಒಂದು ಎಫ್-16 ಯುದ್ಧವಿಮಾನದ ಒಡಲೊಳಗಿನ ಟ್ಯಾಂಕಿಗೆ ಸುಮಾರು 3,200 ಕಿಲೊ ಇಂಧನ ಬೇಕು. ನಾಲ್ಕು ಅಚ್ಚಿನ ಒಂದು ಟ್ಯಾಂಕ್ ವ್ಯಾಗನ್ 60 ಟನ್ ಹೊತ್ತರೆ ಹದಿನೆಂಟು ವಿಮಾನಗಳ ಹೊಟ್ಟೆ ತುಂಬುತ್ತದೆ. ಹಳಿ ದುರ್ಬಲವಾಗಿ ಅಚ್ಚಿಗೆ 18 ಟನ್‌ಗಿಂತ ಹೆಚ್ಚು ತಡೆಯದು ಅನ್ನಿ: ಒಟ್ಟು 72 ಟನ್, ಖಾಲಿ ವ್ಯಾಗನ್‌ನ ತೂಕವೇ 24 ಹೋಗಿ ಉಳಿದದ್ದು 48. ಮೂರು ವಿಮಾನ ಉಪವಾಸ. ಆದ್ದರಿಂದ ಸೈನ್ಯದ ಸಾಮಾನು ಹೋಗುವ ಹಳಿಗೆ ಜಲ್ಲಿ, ಸ್ಲೀಪರ್ (ಹಳಿಯಡಿಯ ಅಡ್ಡದಿಮ್ಮಿ), ಬೋಲ್ಟು ಯಾವುದಕ್ಕೂ ಬರ ಇರುವುದಿಲ್ಲ. ಬಾಂಬಿಗೆ ‘ಲಾಭ ಎಷ್ಟು, ವೆಚ್ಚ ಎಷ್ಟು’ ಎಂದು ಯಾರೂ ಕೇಳಲಿಲ್ಲ. ಆ ಪ್ರಶ್ನೆ ಮನುಷ್ಯರಿಗೆ ಮಾತ್ರ. ಸಿಮ್ಮರ್ನ್‌ನಿಂದಾಚೆ ಪ್ರಯಾಣಿಕರ ರೈಲು 1976ರಲ್ಲಿ ನಿಂತಿತು, ಈಚಿನ ತುಂಡಿನಲ್ಲಿ 1984ರಲ್ಲಿ. ಟಿಕೆಟ್ ಕೊಂಡವನು ಇಳಿದ, ಮದ್ದುಗುಂಡು ಕೂತೇ ಇತ್ತು.

ಶೀತಲ ಸಮರ ಮುಗಿದು 1993ರಲ್ಲಿ ಅಮೆರಿಕನ್ನರು ಗಂಟುಮೂಟೆ ಕಟ್ಟಿದರು. ನೆಲೆ ನಾಗರಿಕ ವಿಮಾನ ನಿಲ್ದಾಣವಾಯಿತು, 1999ರಲ್ಲಿ ಅಗ್ಗದ ವಿಮಾನಗಳು ಇಳಿದವು. ನಾಮಕರಣವೂ ಆಯಿತು: ‘ಫ್ರಾಂಕ್‌ಫರ್ಟ್-ಹಾನ್’. ಫ್ರಾಂಕ್‌ಫರ್ಟ್ ಅಲ್ಲಿಂದ ಸುಮಾರು 120 ಕಿಲೋಮೀಟರ್. ಶ್ರೀರಂಗಪಟ್ಟಣದಲ್ಲಿ ಇಳಿಸಿ ‘ಬೆಂಗಳೂರಿಗೆ ಸುಸ್ವಾಗತ’ ಅಂದಂತೆ. ಹೆಸರಿಗೆ ಆಸೆಪಟ್ಟು ಟಿಕೆಟ್ ತೆಗೆದವರು ಮಧ್ಯರಾತ್ರಿ ಗುಡ್ಡದ ಮೇಲೆ ನಿಂತು ಬಸ್ಸು ಹುಡುಕುತ್ತಿದ್ದರು. 2007ರ ಹೊತ್ತಿಗೆ ಹಾಗೆ ಬಂದುಹೋಗುವವರು ವರ್ಷಕ್ಕೆ ಸುಮಾರು 40 ಲಕ್ಷ. ರನ್‌ವೇಯನ್ನು 3,800 ಮೀಟರಿಗೆ ಎಳೆದರು. ಕೂಗಳತೆಯಲ್ಲಿದ್ದ ಬ್ಯೂಖೆನ್‌ಬೊಯ್ರೆನ್ ಸ್ಟೇಷನ್ನಿನ ಹಳಿಗೆ ಮಾತ್ರ ‘ಬರುವ ವರ್ಷ’ ಎಂಬ ವರ. (ನಾವು ಜೋರಾಗಿ ನಗುವಂತಿಲ್ಲ. ದೇವನಹಳ್ಳಿಯಲ್ಲಿ 2008ಕ್ಕೆ ವಿಮಾನ ಇಳಿಯಿತು. ಮಗ್ಗುಲಲ್ಲೇ ಹಾದುಹೋಗುವ ರೈಲಿಗೆ ಒಂದು ಹಾಲ್ಟ್ ಸ್ಟೇಷನ್ ಸಿಕ್ಕಿದ್ದು 2021ರ ಜನವರಿಗೆ.)

ಇನ್ನು ಕ್ರಮಕ್ಕೆ ಬರೋಣ. ಹಳಿ ಸಾಯಬೇಕಾದರೆ ಮೊದಲು ನಿಲ್ಲಿಸಬೇಕಾದ್ದು ರೈಲನ್ನಲ್ಲ, ಕಳೆನಾಶಕ ಸಿಂಪಡಿಸುವ ಗಾಡಿಯನ್ನು. ಎರಡು ಮಳೆಗಾಲ ಸಾಕು, ಜಲ್ಲಿಯ ಸಂದಿಗೆ ಎಲೆ ಬಿದ್ದು ಕೊಳೆತು ಮಣ್ಣಾಗುತ್ತದೆ. ಜಲ್ಲಿ ಇರುವುದೇ ನೀರು ಇಳಿದುಹೋಗಲಿ ಎಂದು. ಮಣ್ಣು ಸೇರಿದರೆ ಅದು ಹೂಕುಂಡ. ಮೋರಿ ಕಟ್ಟಿಕೊಂಡು ನೀರು ನಿಂತಿತೋ, ಮರದ ಸ್ಲೀಪರ್ ಅಡಿಯಿಂದ ಕೊಳೆಯುತ್ತದೆ. ಮೇಲಿಂದ ನೋಡಿದರೆ ಗಟ್ಟಿಮುಟ್ಟು, ಸುತ್ತಿಗೆಯಲ್ಲಿ ತಟ್ಟಿದರೆ ‘ಟಣ್’ ಅನ್ನುವ ಬದಲು ‘ಡಬ್’. ಅಂಥ ಸ್ಲೀಪರಿನ ಸ್ಕ್ರೂ ಕೈಯಲ್ಲೇ ತಿರುಗುತ್ತದೆ, 1,435 ಮಿಲಿಮೀಟರ್ ಇರಬೇಕಾದ ಹಳಿಗಳ ಅಂತರ ತನ್ನಿಷ್ಟಕ್ಕೆ ಬಾಯಿಬಿಡುತ್ತದೆ. 60 ಸೆಂಟಿಮೀಟರಿಗೆ ಒಂದರಂತೆ ಕಿಲೋಮೀಟರಿಗೆ 1,660ಕ್ಕೂ ಮೇಲೆ ಸ್ಲೀಪರ್. ಇವನ್ನು ಕಿತ್ತು ಒಲೆಗೂ ಹಾಕುವಂತಿಲ್ಲ. ಕೊಳೆಯದಿರಲೆಂದು ಕ್ರಿಯೊಸೋಟ್ ಎಂಬ ಟಾರೆಣ್ಣೆ ಕುಡಿಸಿದ ಮರ ಅಪಾಯಕಾರಿ ತ್ಯಾಜ್ಯ, ವಿಲೇವಾರಿಗೆ ನಾವೇ ದುಡ್ಡು ತೆರಬೇಕು. ಬಿಟ್ಟರೂ ನಷ್ಟ, ಕಿತ್ತರೂ ನಷ್ಟ. ಇಲಾಖೆಗೆ ಇದಕ್ಕಿಂತ ನೆಮ್ಮದಿಯ ಸ್ಥಿತಿ ಇಲ್ಲ.

ಹಳಿಗಳ ಜೋಡಣೆಯಲ್ಲಿ ಬೇರೆಯೇ ಚೆಂದ. 15 ಮೀಟರ್ ಉದ್ದದ ಹಳಿ ಚಳಿಗಾಲದಿಂದ ಬೇಸಿಗೆಗೆ 60 ಡಿಗ್ರಿ ಏರುವಾಗ ಸುಮಾರು 10 ಮಿಲಿಮೀಟರ್ ಬೆಳೆಯುತ್ತದೆ. ಅದಕ್ಕೇ ಸಂದಿ ಬಿಡುವುದು, ಎರಡು ಹಳಿಗಳನ್ನು ಬೆಸೆಯುವ ಫಿಶ್‌ಪ್ಲೇಟ್ ಎಂಬ ಪಟ್ಟಿಗೆ ಗ್ರೀಸ್ ಹಚ್ಚುವುದು. ತುಕ್ಕು ಕಚ್ಚಿ ಬೋಲ್ಟು ಜಾಮಾದರೆ ಬೆಳೆಯಲು ಜಾಗವಿಲ್ಲದ ಹಳಿ ಹಾವಿನಂತೆ ಪಕ್ಕಕ್ಕೆ ಸರಿಯುತ್ತದೆ. ರಸ್ತೆ ಅಡ್ಡ ಬರುವಲ್ಲಿ ಗುತ್ತಿಗೆದಾರ ಹಳಿಯ ಮೇಲೇ ಡಾಂಬರು ಎಳೆದುಬಿಟ್ಟರಂತೂ ಮುಗಿಯಿತು. ಚಕ್ರದ ಒಳಅಂಚು, ಅಂದರೆ ಫ್ಲಾಂಜ್, ಹಳಿಯ ನೆತ್ತಿಗಿಂತ ಸುಮಾರು 28 ಮಿಲಿಮೀಟರ್ ಕೆಳಗಿಳಿದಿರುತ್ತದೆ. ಅದು ಓಡುವ ಸಂದಿಗೆ ಡಾಂಬರು ತುಂಬಿದ್ದರೆ ಚಕ್ರ ಮೇಲೇರಿ ರೈಲು ರಸ್ತೆ ಹಿಡಿಯುತ್ತದೆ.

ತುಕ್ಕಿನ ಮಹಿಮೆ ಇಷ್ಟೇ ಅಲ್ಲ. ಟ್ರ್ಯಾಕ್ ಸರ್ಕ್ಯೂಟ್ ಇರುವ ಕಡೆ ಎರಡೂ ಹಳಿಗಳ ನಡುವೆ ಚಕ್ರ-ಅಚ್ಚಿನ ಮೂಲಕ ಕರೆಂಟು ಹರಿದರೆ ‘ರೈಲು ಬಂತು’ ಎಂದು ಸಿಗ್ನಲ್ಲಿಗೆ ಗೊತ್ತಾಗುತ್ತದೆ. ನೆತ್ತಿಗೆ ತುಕ್ಕು ಕೂತರೆ ಕರೆಂಟು ಹರಿಯದು, ಎದುರಿಗೇ ನಿಂತ ರೈಲು ಸಿಗ್ನಲ್ಲಿನ ಪಾಲಿಗೆ ಇಲ್ಲವೇ ಇಲ್ಲ. 40 ಲಕ್ಷ ಜನ ಎದುರಿಗೆ ಓಡಾಡುತ್ತಿದ್ದರೂ ಕಾಣದಿದ್ದ ಕಚೇರಿಗಳಲ್ಲೂ ಇದೇ ವೈರಿಂಗ್ ಇರಬೇಕು.

ಇಷ್ಟಾದ ಮೇಲೆ ‘ಮತ್ತೆ ರೈಲು ಬಿಡೋಣ’ ಎಂದು ಯಾರಾದರೂ ಹೊರಟರೆ ಗಾಬರಿ ಬೇಡ. ಮೊದಲು ಪೊದೆ ಕಡಿಯಬೇಕಲ್ಲ? ಮಾರ್ಚ್ 1ರಿಂದ ಸೆಪ್ಟೆಂಬರ್ 30ರವರೆಗೆ ಕಡಿಯಲು ಜರ್ಮನಿಯ ನಿಸರ್ಗ ಸಂರಕ್ಷಣಾ ಕಾಯ್ದೆಯ ಅಡ್ಡಿ. ಉಳಿದ ತಿಂಗಳಲ್ಲಿ ಹಿಮ, ಆಮೇಲೆ ಟೆಂಡರು. ಬಿಸಿಲಿಗೆ ಕಾದ ಜಲ್ಲಿ ಎಂದರೆ ಹಲ್ಲಿಗೆ ಪಂಚಪ್ರಾಣ, ಅಲ್ಲಿ ಮರಳುಹಲ್ಲಿ ಕಂಡರೆ ಯುರೋಪಿನ ಕಾನೂನು ಅದರ ಬೆನ್ನಿಗಿದೆ. ಸ್ಟುಟ್‌ಗಾರ್ಟ್‌ನಲ್ಲಿ ಹಲ್ಲಿಗಳನ್ನು ಬೇರೆಡೆ ಬಿಡಲು ತಲೆಗೆ 2,000ದಿಂದ 4,000 ಯೂರೊ ಎಂದು ರೈಲ್ವೆಯೇ 2017ರಲ್ಲಿ ಲೆಕ್ಕ ಒಪ್ಪಿಸಿತ್ತು. ನಮ್ಮ ಗೋಡೆಯ ಹಲ್ಲಿ ಲೊಚಗುಟ್ಟಿ ಶಕುನ ಹೇಳುತ್ತದೆ, ಪುಕ್ಕಟೆ. ಅಲ್ಲಿಯದು ತುಟಿ ಬಿಚ್ಚದೇ ಸಂಭಾವನೆ ಪಡೆಯುತ್ತದೆ. ಹಲ್ಲಿಯ ಮೇಲೆ ನನಗೆ ಸಿಟ್ಟಿಲ್ಲ. ಅಷ್ಟು ವರ್ಷ ಆ ಹಳಿಗಳ ಕಡೆ ಕಣ್ಣಿಟ್ಟಿದ್ದದ್ದು ಅದೊಂದೇ.

ಕೊನೆಗೆ 2020ರಲ್ಲಿ ಜರ್ಮನಿಯ ಕೇಂದ್ರ ಸರ್ಕಾರ ಕೈ ಬಿಚ್ಚಿತು. ಸತ್ತ ಮಾರ್ಗ ಎಬ್ಬಿಸಿದರೆ ವೆಚ್ಚದ 90 ಶೇಕಡಾವರೆಗೆ ನೆರವು, ಲಾಭ-ವೆಚ್ಚದ ಅನುಪಾತ 1 ದಾಟಿದರೆ ಸಾಕು. ಅದರ ಬೆನ್ನಿಗೇ ಹಾನ್ ವಿಮಾನ ನಿಲ್ದಾಣ 2021ರ ಅಕ್ಟೋಬರಿನಲ್ಲಿ ದಿವಾಳಿ ಅರ್ಜಿ ಹಾಕಿತು. ಆಶ್ಚರ್ಯವೇನಿಲ್ಲ. 2009ರಲ್ಲಿ ಅದರ 65 ಶೇಕಡಾ ಪಾಲನ್ನು ರಾಜ್ಯ ಸರ್ಕಾರ ಕೊಂಡದ್ದೇ 1 ಯೂರೊಗೆ. 2016ರಲ್ಲಿ ಶಾಂಘೈನ ಕಂಪೆನಿಯೊಂದಕ್ಕೆ ಮಾರಲು ಹೋಗಿ, ದುಡ್ಡೇ ಬಾರದೆ ವ್ಯವಹಾರ ಮುರಿದಿತ್ತು.

ಹಾಗಾದರೆ ಹಳಿಯ ಜಾಗದಲ್ಲಿ ಮನೆಯಾದರೂ ಕಟ್ಟೋಣವೇ? ನಿಧಾನ. ರೈಲು ನಿಲ್ಲಿಸಲು ಒಂದು ಆದೇಶ, ನೆಲವನ್ನು ರೈಲ್ವೆಯ ಋಣದಿಂದ ಬಿಡಿಸಲು ಇನ್ನೊಂದು. 2023ರ ಡಿಸೆಂಬರಿನಲ್ಲಿ ಅಲ್ಲಿಯ ರೈಲ್ವೆ ಕಾಯ್ದೆಗೆ ಬಂದ ತಿದ್ದುಪಡಿ ರೈಲ್ವೆ ಜಾಗವೆಲ್ಲ ಸಾರ್ವಜನಿಕರ ಪರಮ ಹಿತದ್ದು ಎಂದು ಸಾರಿದಾಗ, ದಶಕಗಳಿಂದ ರೈಲು ಕಾಣದ ನೆಲವೂ ಒಂದೇ ರಾತ್ರಿಗೆ ಪೂಜ್ಯವಾಯಿತು. ಊರೂರ ಪುರಸಭೆಗಳು ತಲೆ ಚಚ್ಚಿಕೊಂಡ ಮೇಲೆ 2025ರಲ್ಲಿ ಅದನ್ನೂ ಸಡಿಲಿಸಿದರು.

ಹಾನ್‌ಗೆ ಹೋಗುವವರು ಫ್ರಾಂಕ್‌ಫರ್ಟ್ ಮುಖ್ಯ ರೈಲು ನಿಲ್ದಾಣಕ್ಕೆ ಬಂದು, ರೈಲು ನಿಲ್ದಾಣದ ಹೊರಗೆ ಬಸ್ಸು ಹತ್ತಬೇಕು. ಒಂದೂಮುಕ್ಕಾಲು ಗಂಟೆಯ ದಾರಿ. ಗುಡ್ಡ ಹತ್ತಿದ ಮೇಲೆ ಕಿಟಕಿಯಾಚೆ ಬರ್ಚ್ ಮರಗಳು ಯಾರೋ ದಾರ ಹಿಡಿದು ನೆಟ್ಟಂತೆ ಒಂದೇ ಸಾಲಿನಲ್ಲಿ ಕಂಡರೆ, ಅದೇ ರೈಲು ಮಾರ್ಗ.