ಮುಂಬಯಿ ಲೋಕಲ್‌ಗೆ ಮುಚ್ಚುವ ಬಾಗಿಲು ಬೇಕೆ?

ಪರ: ಬಾಗಿಲು ಬೇಕು, ಈಗಲೇ ಬೇಕು

2025ರ ಜೂನ್ 9, ಸೋಮವಾರ ಬೆಳಿಗ್ಗೆ. ಠಾಣೆ ಬಳಿಯ ಮುಂಬ್ರಾದ ತಿರುವಿನಲ್ಲಿ ಎರಡು ಲೋಕಲ್ ರೈಲುಗಳು ಎದುರುಬದುರಾಗಿ ಹಾದುಹೋಗುವಾಗ ಬಾಗಿಲಲ್ಲಿ ಜೋತುಬಿದ್ದಿದ್ದವರು ಹಳಿಗೆ ಉರುಳಿದರು. ನಾಲ್ವರು ಅಂದೇ ತೀರಿಕೊಂಡರು. ಬಾಗಿಲಲ್ಲಿ ನಿಲ್ಲುವವರೆಲ್ಲ ಪುಂಡರೆಂದು ಬೈಯುವವರು ಒಮ್ಮೆ ಬೆಳಗಿನ ಹೊತ್ತು ದಿವಾ ನಿಲ್ದಾಣದಲ್ಲಿ ಫಾಸ್ಟ್ ಗಾಡಿ ಹತ್ತಿ ನೋಡಲಿ. ಕಲ್ಯಾಣ್, ಡೊಂಬಿವಲಿಯಲ್ಲೇ ತುಂಬಿ ಬಂದ ಡಬ್ಬಿಯಲ್ಲಿ ಒಂದು ಪಾದ ಊರಲು ಜಾಗ ಸಿಕ್ಕರೆ ಅದೇ ಪುಣ್ಯ.

ಬೋರಿಬಂದರಿನಿಂದ ಠಾಣೆಗೆ ಮೊದಲ ರೈಲು ಓಡಿದ್ದು 1853ರ ಏಪ್ರಿಲ್ 16ರಂದು. ವಿ.ಟಿ.ಯಿಂದ (ಈಗಿನ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್) ಕುರ್ಲಾಕ್ಕೆ ಮೊದಲ ವಿದ್ಯುತ್ ಗಾಡಿ 1925ರ ಫೆಬ್ರವರಿ 3ರಂದು. ಅದಕ್ಕೂ ನೂರು ವರ್ಷ ತುಂಬಿತು. ಆದರೆ ಸಾಮಾನ್ಯ ಲೋಕಲ್ ಇಂದಿಗೂ ಬಾಗಿಲು ತೆರೆದುಕೊಂಡೇ ಓಡುತ್ತಿದೆ. ಹೋಟೆಲ್ ಕೆಲಸಕ್ಕೆಂದು ಊರಿನಿಂದ ಬಂದ ನಮ್ಮ ದೊಡ್ಡಪ್ಪನಿಗೆ ಅಜ್ಜಿ ಕಾಗದ ಬರೆಸುವಾಗಲೆಲ್ಲ ಕೊನೆಯ ಸಾಲು ಒಂದೇ: "ಬಾಗಿಲಲ್ಲಿ ನಿಲ್ಲಬೇಡ ಮಗಾ." ಈಗ ನನ್ನ ಮಗನಿಗೆ ನಾನು ಅದನ್ನೇ ಫೋನಿನಲ್ಲಿ ಹೇಳುತ್ತಿದ್ದೇನೆ. ಮೂರು ತಲೆಮಾರು ದಾಟಿದರೂ ಆ ಭಯ ಹೋಗಿಲ್ಲ.

ಮುಚ್ಚುವ ಬಾಗಿಲು ಇಲ್ಲಿ ನಡೆಯುವುದಿಲ್ಲ ಎನ್ನುವಂತಿಲ್ಲ. 2017ರ ಡಿಸೆಂಬರ್ 25ರಂದು ಪಶ್ಚಿಮ ರೈಲ್ವೆಯಲ್ಲಿ ಶುರುವಾದ ಎಸಿ ಲೋಕಲ್ ಬಾಗಿಲು ಮುಚ್ಚಿಕೊಂಡೇ ಓಡುತ್ತಿದೆ. ಉಸಿರುಕಟ್ಟುತ್ತದೆ ಎಂಬ ಆತಂಕ ನ್ಯಾಯವಾದದ್ದೇ. ಅದಕ್ಕೆಂದೇ, ಮುಂಬ್ರಾ ದುರಂತದ ನಂತರ ರೈಲ್ವೆ ಹೇಳಿರುವ ಹೊಸ ಎಸಿಯಿಲ್ಲದ ಗಾಡಿಗಳಲ್ಲಿ ಗಾಳಿಯಾಡುವ ಸೀಳುಗಳುಳ್ಳ ಬಾಗಿಲು, ಹೊರಗಿನ ಗಾಳಿ ಎಳೆದು ತರುವ ಛಾವಣಿಯ ಯಂತ್ರ, ಒಂದು ಡಬ್ಬಿಯಿಂದ ಇನ್ನೊಂದಕ್ಕೆ ದಾಟುವ ದಾರಿ ಇರಲಿವೆ. ಗರ್ದಿ ಕಡಿಮೆಯಾಗಲಿ, ಆಮೇಲೆ ಬಾಗಿಲು ಎನ್ನುತ್ತ ಕೂತರೆ, ಅಷ್ಟರೊಳಗೆ ಬೀಳುವವರನ್ನು ಯಾರು ಹಿಡಿಯುತ್ತಾರೆ?

ವಿರೋಧ: ಮೊದಲು ಗಾಡಿ, ಆಮೇಲೆ ಬಾಗಿಲು

ಹನ್ನೆರಡು ಡಬ್ಬಿಯ ಗಾಡಿಯಲ್ಲಿ ಗರ್ದಿಯ ಹೊತ್ತಿಗೆ ಒಂದು ಚದರ ಮೀಟರ್ ಜಾಗದಲ್ಲಿ 14ರಿಂದ 16 ಮಂದಿ ನಿಂತಿರುತ್ತಾರೆ. ಬಾಗಿಲು ಮುಚ್ಚಿದರೆ ಹೊರಗೆ ಜೋತಾಡುವವರು ಒಳಗೆ ಹಿಡಿಸುವುದಿಲ್ಲ, ಪ್ಲಾಟ್‌ಫಾರ್ಮಿನಲ್ಲೇ ಉಳಿಯುತ್ತಾರೆ. ಅವರಿಗೆ ಲೇಟ್ ಮಾರ್ಕ್, ಅರ್ಧ ದಿನದ ಸಂಬಳ ಖೋತಾ. ಯಾರದೋ ಬ್ಯಾಗು ಸಿಕ್ಕಿ ಬಾಗಿಲು ಮುಚ್ಚದಿದ್ದರೆ ಗಾಡಿ ಹೊರಡುವುದಿಲ್ಲ. ಮೂರು ನಾಲ್ಕು ನಿಮಿಷಕ್ಕೊಂದು ಗಾಡಿ ಬರುವ ಹಳಿಯಲ್ಲಿ ಒಂದು ನಿಂತರೆ ಹಿಂದಿನವೆಲ್ಲ ಸಾಲುಗಟ್ಟುತ್ತವೆ.

2022ರ ಆಗಸ್ಟ್‌ನಲ್ಲಿ ಕಳವಾ, ಬದ್ಲಾಪುರದ ಪ್ರಯಾಣಿಕರು ಎಸಿ ಲೋಕಲ್ ವಿರುದ್ಧ ಬೀದಿಗಿಳಿದರು. ತಂಪು ಗಾಳಿಯ ಮೇಲೆ ಅವರಿಗೆ ಸಿಟ್ಟಿರಲಿಲ್ಲ. ತಮ್ಮ ಸಾಮಾನ್ಯ ಗಾಡಿಯನ್ನು ಕಿತ್ತು ಆ ಹೊತ್ತಿಗೆ ಎಸಿ ಗಾಡಿ ಬಿಟ್ಟದ್ದು ಅವರ ದೂರು. ಸಾಮಾನ್ಯ ಲೋಕಲ್‌ನ ಕನಿಷ್ಠ ಟಿಕೆಟ್ 5 ರೂಪಾಯಿ. ಎಸಿಯದು 2022ರಲ್ಲಿ ಅರ್ಧದಷ್ಟು ಇಳಿದ ಮೇಲೂ ಅದರ ಹಲವು ಪಟ್ಟು. ಮೀನಿನ ಬುಟ್ಟಿ ಹೊತ್ತು ಲಗೇಜ್ ಡಬ್ಬಿ ಹತ್ತುವ ಕೋಳಿ ಎಂಬ ಮೀನುಗಾರ ಸಮುದಾಯದ ಹೆಂಗಸರನ್ನೂ ಊಟದ ಡಬ್ಬಿ ಸಾಗಿಸುವ ಡಬ್ಬಾವಾಲಾಗಳನ್ನೂ ನೆನೆದು ಹೊಸ ಗಾಡಿ ರೂಪಿಸಬೇಕು.

ಸಾವಿನ ಲೆಕ್ಕವನ್ನೂ ಸರಿಯಾಗಿ ನೋಡೋಣ. ಮುಂಬಯಿಯ ಹಳಿಗಳಲ್ಲಿ ವರ್ಷಕ್ಕೆ ಎರಡು ಸಾವಿರಕ್ಕೂ ಹೆಚ್ಚು ಜನ ಸಾಯುತ್ತಾರೆ. ಅವರಲ್ಲಿ ಗಾಡಿಯಿಂದ ಬಿದ್ದವರಿಗಿಂತ ಹಳಿ ದಾಟುವಾಗ ಸತ್ತವರೇ ಹೆಚ್ಚು. ಬೇಲಿ ಗೋಡೆ, ಮೇಲ್ಸೇತುವೆ, ಎಸ್ಕಲೇಟರಿಗೆ ಹಾಕುವ ಹಣ ಇನ್ನೂ ಹೆಚ್ಚು ಜೀವ ಉಳಿಸುತ್ತದೆ.

ಠಾಣೆ–ದಿವಾ ನಡುವಿನ 5 ಮತ್ತು 6ನೇ ಹಳಿ 2022ರ ಫೆಬ್ರವರಿಯಲ್ಲಿ ತೆರೆಯಿತು. ಕುರ್ಲಾದಿಂದ ವಿ.ಟಿ.ವರೆಗೆ ಆ ಹಳಿಗಳಿಲ್ಲ, ಹಾಗಾಗಿ ದೂರದ ಊರಿನ ಗಾಡಿಗಳೂ ಲೋಕಲ್‌ಗಳೂ ಅಲ್ಲಿ ಒಂದೇ ದಾರಿಯಲ್ಲಿ ನುಗ್ಗಬೇಕು. ಆ ಹಳಿ ಹಾಸಲಿ, ಸ್ಲೋ ಗಾಡಿಗಳನ್ನೂ 15 ಡಬ್ಬಿಯವನ್ನಾಗಿ ಮಾಡಲಿ, ಪ್ಲಾಟ್‌ಫಾರ್ಮ್ ಉದ್ದ ಮಾಡಲಿ. ಮುಚ್ಚಿದ ಬಾಗಿಲಿನ ಗಾಡಿ ದಿವಾ ಬಿಟ್ಟು ಹೋದ ಮೇಲೆ, ಅಲ್ಲೇ ಉಳಿದವನು ಹತ್ತಬೇಕಾದ ಗಾಡಿ ಯಾವುದು? ಅದನ್ನು ಮೊದಲು ಟೈಮ್‌ಟೇಬಲ್‌ನಲ್ಲಿ ತೋರಿಸಲಿ.